ಲಿಲಿಯೆಂಟಾಲ್ ಅವರದು ಸಾಹಸವೋ ಹುಂಬತನವೋ?

ವಿಮಾನಯಾನದ ಆರಂಭದ ದಿನಗಳ ಬಗ್ಗೆ ಬರೆದಾಗಲೂ ಮಾತನಾಡಿದಾಗಲೂ ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ವಿಲೋ ಮರದ ಕಡ್ಡಿಗಳ ಚೌಕಟ್ಟಿಗೆ ಹತ್ತಿಬಟ್ಟೆ ಬಿಗಿದು, ಅದರೊಳಗೆ ತೋಳು ತೂರಿಸಿ, ಗುಡ್ಡದ ಇಳಿಜಾರಿನಲ್ಲಿ ಓಡಿ ಗಾಳಿಗೆ ಹಾರುತ್ತಿದ್ದ ಜರ್ಮನಿಯ ಒಟ್ಟೊ ಲಿಲಿಯೆಂಟಾಲ್ ಕೊನೆಗೆ ಹಾಗೆ ಹಾರುವಾಗಲೇ ಬಿದ್ದು ತೀರಿಕೊಂಡರು. ಎಂಜಿನ್ ಇಲ್ಲದ ಆ ಹಾರಾಟದಿಂದ ಏನು ಸಿಕ್ಕಿತು, ಅದು ಬರೀ ಹುಂಬತನವಲ್ಲವೇ ಎಂಬುದು ಕೇಳುವವರ ಸಂದೇಹ. ಅಲ್ಲವೆಂದೇ ನನ್ನ ಉತ್ತರ. ಅವರ ಕಾಲದಲ್ಲಿ ಹಾರುವ ಯಂತ್ರಕ್ಕಾಗಿ ದುಡಿದವರ ಪೈಕಿ ಅತ್ಯಂತ ಎಚ್ಚರದ ಮನುಷ್ಯ ಅವರೇ ಎಂದು ನಾನು ನಂಬಿದ್ದೇನೆ.

ಲಿಲಿಯೆಂಟಾಲ್ ಹುಟ್ಟಿದ್ದು 1848ರಲ್ಲಿ, ಪ್ರಷ್ಯಾದ ಪೊಮೆರೇನಿಯ ಪ್ರಾಂತ್ಯದ ಆಂಕ್ಲಾಮ್ ಎಂಬ ಊರಿನಲ್ಲಿ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಇಳಿದು ಏಳುವ ಕೊಕ್ಕರೆಗಳನ್ನು ತಮ್ಮ ಗುಸ್ತಾವ್ ಜೊತೆ ನೋಡುತ್ತ ಬೆಳೆದ ಅವರು ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ಓದಿ, ಮುಂದೆ ಬಾಯ್ಲರು ಮತ್ತು ಉಗಿಯಂತ್ರ ತಯಾರಿಸುವ ಸ್ವಂತ ಕಾರ್ಖಾನೆ ಕಟ್ಟಿದರು. ಸ್ಫೋಟದ ಅಪಾಯ ಕಡಿಮೆ ಇರುವ ಕೊಳವೆ ಬಾಯ್ಲರು ಅವರಿಗೆ ಹೆಸರನ್ನೂ ಹಣವನ್ನೂ ತಂದುಕೊಟ್ಟಿತು. 1890ರಲ್ಲಿ ಅವರು ಕಾರ್ಖಾನೆಯ ಲಾಭದ ಕಾಲುಭಾಗವನ್ನು ಕಾರ್ಮಿಕರಿಗೆ ಹಂಚುವ ಏರ್ಪಾಡನ್ನೂ ಮಾಡಿದರು. ಇದನ್ನು ಹೇಳಲು ಕಾರಣವಿದೆ: ಜನರ ಕಲ್ಪನೆಯಲ್ಲಿರುವ ಜೀವದ ಹಂಗಿಲ್ಲದ ಸಾಹಸಿಗೂ, ಬಾಯ್ಲರು ಸಿಡಿಯದಂತೆ ಮಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಈ ವ್ಯಕ್ತಿಗೂ ಹೋಲಿಕೆಯೇ ಇಲ್ಲ.

ಅವರು ಮೊದಲು ಮಾಡಿದ್ದು ಹಾರಾಟವನ್ನಲ್ಲ, ಅಳತೆಯನ್ನು. ಲಂಬವಾದ ಅಕ್ಷದ ಸುತ್ತ ತಿರುಗುವ ಉದ್ದನೆಯ ತೋಳೊಂದರ ತುದಿಗೆ ಬಗೆಬಗೆಯ ಹಲಗೆಗಳನ್ನು ಕಟ್ಟಿ, ಯಾವ ಕೋನದಲ್ಲಿ ಗಾಳಿ ಅವುಗಳನ್ನು ಎಷ್ಟು ಬಲದಿಂದ ಎತ್ತುತ್ತದೆ, ಎಷ್ಟು ಬಲದಿಂದ ತಡೆಯುತ್ತದೆ ಎಂಬುದನ್ನು ಸೋದರರಿಬ್ಬರೂ ಅಳೆದರು. ಚಪ್ಪಟೆ ಹಲಗೆಗಿಂತ ಹಕ್ಕಿಯ ರೆಕ್ಕೆಯಂತೆ ಮೇಲ್ಮುಖವಾಗಿ ಬಾಗಿದ ಹಲಗೆ ಎಷ್ಟೋ ಮೇಲೆಂಬುದು, ಸಣ್ಣ ಕೋನಗಳಲ್ಲಿಯೂ ಅದು ಸಾಕಷ್ಟು ಎತ್ತುವ ಬಲ ಕೊಡುತ್ತದೆಂಬುದು ಅಂಕಿಗಳಲ್ಲಿ ಸ್ಥಿರಪಟ್ಟಿತು. ಈ ಫಲಿತಾಂಶಗಳನ್ನು ಕೋಷ್ಟಕ ಮತ್ತು ನಕ್ಷೆಗಳೊಂದಿಗೆ ಅವರು ಪುಸ್ತಕವಾಗಿ ಹೊರತಂದದ್ದು 1889ರಲ್ಲಿ. ಬರ್ಲಿನ್ನಿಗೆ ಸಮೀಪದ ಡರ್ವಿಟ್ಸ್‌ನಲ್ಲಿ ಸುಮಾರು 25 ಮೀಟರ್ ದೂರ ತೇಲಿದ್ದು ಅದಾಗಿ ಎರಡು ವರ್ಷಗಳ ಮೇಲೆ, 1891ರಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು.

ಅಲ್ಲಿಂದ ಮುಂದಿನ ಐದು ವರ್ಷಗಳೇ ಈ ಬದುಕಿನ ತಿರುಳು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೈರಮ್ ಮ್ಯಾಕ್ಸಿಮ್ ಮೂರೂವರೆ ಟನ್ನಿನಷ್ಟು ಭಾರದ ಉಗಿಯಂತ್ರದ ವಿಮಾನ ಕಟ್ಟಿ 1894ರಲ್ಲಿ ಹಳಿಯ ಮೇಲೆ ಓಡಿಸಿದರು. ಅದು ಹಳಿಬಿಟ್ಟು ಎದ್ದಿತು, ಕೂಡಲೇ ಮುರಿದುಬಿತ್ತು. ಎದ್ದ ಮೇಲೆ ಅದನ್ನು ಗಾಳಿಯಲ್ಲಿ ಹಿಡಿದಿಡುವುದು ಹೇಗೆಂದು ಬಲ್ಲವರು ಯಾರೂ ಇರಲಿಲ್ಲ. ಲಿಲಿಯೆಂಟಾಲ್ ತಿರುಗುಮುರುಗಾಗಿ ಯೋಚಿಸಿದರು: ಮೊದಲು ಸಮತೋಲ ಕಲಿಯಬೇಕು, ಎಂಜಿನ್ ಆಮೇಲೆ. ಅದಕ್ಕಾಗಿ 1893ರಲ್ಲಿ ರೀನೋ ಗುಡ್ಡಗಳಿಗೆ ಹೋದರು. ಅಲ್ಲಿ ತೇಲಿದ ದೂರ 250 ಮೀಟರಿನವರೆಗೂ ಮುಟ್ಟಿತು. ಮರುವರ್ಷ ಮನೆಗೆ ಹತ್ತಿರವಾಗಲೆಂದು ಲಿಖ್ಟರ್‌ಫೆಲ್ಡೆಯಲ್ಲಿ 15 ಮೀಟರ್ ಎತ್ತರದ ಮಣ್ಣಿನ ಗುಡ್ಡವನ್ನೇ ಹಾಕಿಸಿದರು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಲು ಬರುವಂತೆ ಗುಡ್ಡವನ್ನು ಸುತ್ತಲೂ ಇಳಿಜಾರಾಗಿ ಮಾಡಿಸಿದ್ದನ್ನು ನೋಡಿದರೆ, ಆ ಮನುಷ್ಯನಿಗೆ ಅಭ್ಯಾಸವೆಂಬುದು ಎಷ್ಟು ಗಂಭೀರ ವಿಷಯವಾಗಿತ್ತೆಂದು ತಿಳಿಯುತ್ತದೆ. ಅವರ ಹಾರಾಟಗಳ ಸಂಖ್ಯೆ 2000 ಮೀರುತ್ತದೆ. 1894ರ ಒಂದು ಅಪಘಾತದಲ್ಲಿ ಗ್ಲೈಡರಿನ, ಅಂದರೆ ಎಂಜಿನ್ ಇಲ್ಲದೆ ತೇಲುವ ಆ ಯಂತ್ರದ, ಮುಂದೆ ತಾವೇ ಕಟ್ಟಿದ್ದ, ಬಾಗುವ ವಿಲೋ ಕಮಾನು ಪೆಟ್ಟನ್ನು ತಾನು ತಿಂದು ಅವರನ್ನು ಉಳಿಸಿತು. ಬೀಳಬಹುದೆಂದು ಮೊದಲೇ ಎಣಿಸಿ, ಬಿದ್ದರೆ ಬದುಕುವ ದಾರಿಯನ್ನೂ ಹುಡುಕಿಟ್ಟವರನ್ನು ಹುಂಬರೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಕೊನೆಗೆ ಎಡವಿದ್ದೆಲ್ಲಿ? ಅವರ ಗ್ಲೈಡರನ್ನು ನಿಯಂತ್ರಿಸುವ ಸಾಧನವೆಂದರೆ ಅವರ ದೇಹವೊಂದೇ. ಕಾಲು ಮತ್ತು ಸೊಂಟವನ್ನು ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಬೀಸಿ ಗುರುತ್ವಕೇಂದ್ರವನ್ನು ಸರಿಸಬೇಕು. ತೋಳುಗಳು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರಿಂದ ಎದೆಯ ಮೇಲಿನ ಭಾಗ ಅಲುಗುವಂತಿರಲಿಲ್ಲ. ಹೀಗೆ ಸರಿಸಬಹುದಾದ ಭಾರಕ್ಕೆ ಒಂದು ಮಿತಿಯಿತ್ತು. ಸೌಮ್ಯವಾದ ಗಾಳಿಯಲ್ಲಿ ಅಷ್ಟು ಸಾಕಾಗುತ್ತಿತ್ತು. 1896ರ ಆಗಸ್ಟ್ 9, ಭಾನುವಾರ, ಷ್ಟೋಲ್ನ್ ಬಳಿಯ ಗೊಲೆನ್‌ಬರ್ಗ್ ಗುಡ್ಡದಿಂದ ಹಾರಿದಾಗ ಗ್ಲೈಡರಿನ ಮೂತಿ ಮೇಲೆದ್ದು ವೇಗ ಕಳೆದುಕೊಂಡಿತು. ರೆಕ್ಕೆಯ ಕೋನ ಮಿತಿ ಮೀರಿದಾಗ ಗಾಳಿ ಅದರ ಮೇಲ್ಮೈಗೆ ಅಂಟಿ ಹರಿಯುವುದನ್ನು ಬಿಡುತ್ತದೆ, ಎತ್ತುವ ಬಲ ಕುಸಿಯುತ್ತದೆ. ಸುಮಾರು 15 ಮೀಟರ್ ಎತ್ತರದಿಂದ ಗ್ಲೈಡರ್ ನೆಲಕ್ಕಪ್ಪಳಿಸಿತು. ಕುತ್ತಿಗೆಯ ಮೂಳೆ ಮುರಿದಿದ್ದ ಅವರನ್ನು ಬರ್ಲಿನ್ನಿಗೆ ಸಾಗಿಸಲಾಯಿತು. ಮರುದಿನ ತೀರಿಕೊಂಡರು, ವಯಸ್ಸು ನಲವತ್ತೆಂಟು. ಪತ್ನಿ ಆಗ್ನೆಸ್ ಮತ್ತು ನಾಲ್ವರು ಮಕ್ಕಳು ಹಿಂದುಳಿದರು. ಸಂಸಾರವಂದಿಗರು ಇಂಥ ಅಪಾಯಕ್ಕೆ ಇಳಿಯಬಹುದಿತ್ತೇ ಎಂದು ಕೇಳುವವರ ಮುಂದೆ ನನ್ನ ವಾದ ಬಲವಾಗಿ ನಿಲ್ಲುವುದಿಲ್ಲ. ಆ ಮನೆಯ ನಷ್ಟವನ್ನು ಯಾವ ಶಾಸ್ತ್ರದ ಲಾಭವೂ ತುಂಬಿಕೊಡಲಾರದು.

ಆದರೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಉತ್ತರ ಅಮೆರಿಕದ ಓಹಾಯೊದಲ್ಲಿದೆ. ಅವರ ಸಾವಿನ ಸುದ್ದಿಯೇ ಸೈಕಲ್ ಅಂಗಡಿಯ ರೈಟ್ ಸೋದರರಲ್ಲಿ ಹಾರಾಟದ ಆಸಕ್ತಿಯನ್ನು ಮತ್ತೆ ಕೆರಳಿಸಿತು. 1901ರಲ್ಲಿ ಷಿಕಾಗೋದ ಎಂಜಿನಿಯರುಗಳ ಮುಂದೆ ಮಾತನಾಡುತ್ತ ವಿಲ್ಬರ್ ರೈಟ್, ಪಳಗದ ಕುದುರೆಯನ್ನು ಸವಾರಿ ಮಾಡಲು ಎರಡು ದಾರಿಯುಂಟೆಂದರು: ಬೇಲಿಯ ಮೇಲೆ ಕೂತು ಅದನ್ನು ಗಮನಿಸುತ್ತ, ಮನೆಗೆ ಹೋಗಿ ನಿಧಾನವಾಗಿ ಯೋಚಿಸುವುದು ಒಂದು, ಅದರ ಬೆನ್ನೇರಿಯೇ ಕಲಿಯುವುದು ಇನ್ನೊಂದು. ಸಮತೋಲವೇ ಮೊದಲ ಸಮಸ್ಯೆಯೆಂದು ನಿಜವಾಗಿ ಅರಿತ ಮೊದಲಿಗರು ಲಿಲಿಯೆಂಟಾಲ್ ಎಂದೂ, ಐದು ವರ್ಷಗಳಲ್ಲಿ ಅವರು ಗಾಳಿಯಲ್ಲಿ ಕಳೆದದ್ದು ಒಟ್ಟು ಐದು ಗಂಟೆಗಳಷ್ಟೇ ಎಂದೂ ಅದೇ ಭಾಷಣದಲ್ಲಿ ಹೇಳಿದರು. ಎರಡು ಸಾವಿರ ಸಲ ಗುಡ್ಡ ಹತ್ತಿಳಿದವರಿಗೆ ದಕ್ಕಿದ್ದು ಐದೇ ಗಂಟೆಗಳ ಪಾಠ.

ಆ ಸೋದರರು ತಮ್ಮ ಗ್ಲೈಡರ್ ನಿರೀಕ್ಷಿಸಿದಷ್ಟು ಮೇಲೇಳದಿದ್ದಾಗ ಲಿಲಿಯೆಂಟಾಲ್ ಕೋಷ್ಟಕವನ್ನೇ ಅನುಮಾನಿಸಿದರು. ಗಾಳಿಸುರಂಗ, ಅಂದರೆ ಒಳಗೆ ಗಾಳಿ ಹಾಯಿಸಿ ರೆಕ್ಕೆಗಳ ಮಾದರಿಗಳನ್ನು ಪರೀಕ್ಷಿಸುವ ಪೆಟ್ಟಿಗೆ, ಕಟ್ಟಿ ತಾವೇ ಅಳೆದಾಗ, ಮುಖ್ಯವಾದ ದೋಷ ಎಲ್ಲರೂ ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದ ಗಾಳಿಯೊತ್ತಡದ ಗುಣಾಂಕದಲ್ಲಿ, ಅಂದರೆ ಗಾಳಿಯ ವೇಗದಿಂದ ಅದರ ಒತ್ತಡವನ್ನು ಲೆಕ್ಕಹಾಕಲು ಬಳಸುವ ಸ್ಥಿರಸಂಖ್ಯೆಯಲ್ಲಿ, ಇತ್ತೆಂದು ತಿಳಿಯಿತು, 0.005 ಎಂದು ಬಳಸುತ್ತಿದ್ದ ಅದರ ನಿಜವಾದ ಬೆಲೆ 0.0033ಕ್ಕೆ ಹತ್ತಿರವಿತ್ತು. ದೇಹ ತೂಗುವ ಉಪಾಯವನ್ನು ಮಾತ್ರ ಅವರು ಕೈಬಿಟ್ಟು, ರೆಕ್ಕೆಯ ತುದಿಗಳನ್ನು ತಿರುಚುವ, ಮುಂದಿನ ಮತ್ತು ಹಿಂದಿನ ಚುಕ್ಕಾಣಿಗಳನ್ನು ಆಡಿಸುವ ವಿಧಾನ ಹಿಡಿದರು. 1902ರ ಶರತ್ಕಾಲದಲ್ಲಿ ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳಿಂದ ನೂರಾರು ಸಲ ಎಂಜಿನ್ ಇಲ್ಲದೆಯೇ ತೇಲಿ ಅಭ್ಯಾಸ ಮಾಡಿದ ಮೇಲೆಯೇ, 1903ರಲ್ಲಿ ಎಂಜಿನ್ ಕೂರಿಸಿದರು.