30 ಡಾಲರ್ ಉಳಿಸಿ ತಂದ ಕೋವಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಊರಿನ ಉತ್ತರಕ್ಕೆ, ನಮ್ಮ ಮನೆಯಿಂದ ಕಾರಿನಲ್ಲಿ 12 ನಿಮಿಷ ಹೋದರೆ ಒಂದು ಕೋವಿ ಅಂಗಡಿ ಇದೆ. ಒಂದು ಪಕ್ಕ ಟೈರ್ ಅಂಗಡಿ, ಇನ್ನೊಂದು ಪಕ್ಕ ಡೋನಟ್ ಅಂಗಡಿ. ಬೋರ್ಡು ಬಿಸಿಲಿಗೆ ಮಾಸಿದೆ. ಯಜಮಾನರಿಗೆ 70ರ ಹತ್ತಿರ ವಯಸ್ಸು, ಜೊತೆಗೆ ಅವರ ಮಗಳು, ರಿಪೇರಿಗೆ ಒಬ್ಬರು. ಅಷ್ಟೇ ಜನ. ಹೋದ ತಿಂಗಳು ಗೆಳೆಯರೊಬ್ಬರು ನನ್ನನ್ನು ಕೇಳಿದರು, "ಎಲ್ಲ ಅಲ್ಲೇ ಯಾಕೆ ತಗೋತೀರಿ, ಆನ್‌ಲೈನ್‌ನಲ್ಲಿ ಕಮ್ಮಿಗೆ ಸಿಗುತ್ತಲ್ವಾ?" ಸಿಗುತ್ತದೆ. ನಾನೂ ಒಮ್ಮೆ ಹಾಗೇ ತರಿಸಿದ್ದೆ. ಆ ಕಥೆ ಹೇಳಿದರೆ ಉತ್ತರ ತಾನಾಗಿ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಹಿನ್ನೆಲೆ ಸ್ವಲ್ಪ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಜ್ಜನ ಹೆಸರಲ್ಲಿ ಒಂಟಿ ನಳಿಗೆಯ ತೋಟೆ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸು. ಹಂದಿ ಬಂದರೆ ಗಾಳಿಗೆ ಒಂದು ಈಡು, ಮಂಗ ಬಂದರೆ ಹೆದರಿಸಲಿಕ್ಕೆ ಒಂದು. ವರ್ಷಕ್ಕೊಮ್ಮೆ ತೋಟೆ ತರಲು ಅಜ್ಜ ಶಿವಮೊಗ್ಗಕ್ಕೆ ಹೋಗುತ್ತಿದ್ದರು, ಕೆಲವು ಸಲ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವರು ಎಷ್ಟು ತೋಟೆ ಕೊಟ್ಟೆ ಅಂತ ಲೈಸೆನ್ಸ್ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಡುತ್ತಿದ್ದರು. ಆಮೇಲೆ ಕೋವಿ ಇಸಿದುಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ, "ಎಣ್ಣೆ ಕಮ್ಮಿ ಆಗಿದೆ ಭಟ್ರೇ" ಅನ್ನುತ್ತಿದ್ದರು. ಕೋವಿ ಅಂಗಡಿ ಅಂದರೆ ನನಗೆ ಅದೇ ಚಿತ್ರ.

ಅಮೆರಿಕಕ್ಕೆ ಬಂದ ಮೇಲೆ ತುಂಬಾ ವರ್ಷ ಕೋವಿಯ ಯೋಚನೆಯೇ ಇರಲಿಲ್ಲ. ಕೆಲಸಕ್ಕೆ ಬಂದವರ ಹೆಚ್1ಬಿ ವೀಸಾದಲ್ಲಿ ಇರುವವರು ಇಲ್ಲಿ ಸುಮ್ನೆ ಹೋಗಿ ಕೋವಿ ಕೊಳ್ಳಲು ಆಗುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಒಂದು ವಿನಾಯಿತಿ ಇದೆ, ಆದರೆ ವೀಸಾದ ಮೇಲೆ ಇರುವಾಗ ಅಂಥ ಕಾಗದದಲ್ಲಿ ಒಂದು ಸಣ್ಣ ತಪ್ಪಾದರೂ ಅದರ ಪರಿಣಾಮ ದೊಡ್ಡದು. ಅದಕ್ಕೇ ನಾನು ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಇರಲು ಪರವಾನಗಿ, ಬರುವವರೆಗೆ ಕಾದೆ, ನೀವೂ ಕಾಯಿರಿ ಅಂತಲೇ ಹೇಳುತ್ತೇನೆ. ಕಾರ್ಡ್ ಬಂದ ಮೇಲೆ ಆಫೀಸಿನ ಸಹೋದ್ಯೋಗಿಯೊಬ್ಬರು ಕ್ಲೇ ಶೂಟಿಂಗ್‌ಗೆ ಕರೆದುಕೊಂಡು ಹೋದರು. ಕಿತ್ತಳೆ ಬಣ್ಣದ ಬಿಲ್ಲೆ ಯಂತ್ರದಿಂದ ಚಿಮ್ಮುತ್ತದೆ, ಅದು ಹಾರುತ್ತಿರುವಾಗಲೇ ಹೊಡೆಯಬೇಕು. ಮೊದಲ ದಿನ 25ರಲ್ಲಿ 4 ಒಡೆದವು. ಆದರೂ ಮದ್ದಿನ ವಾಸನೆ ಮೂಗಿಗೆ ಬಂದ ಕೂಡಲೇ ಅಜ್ಜನ ತೋಟ ನೆನಪಾಯಿತು. ಒಂದು ಕೋವಿ ಬೇಕೇ ಬೇಕು ಅನ್ನಿಸಿತು.

ಈ ಅಂಗಡಿಗೆ ಬಂದು ಒಂದು 20 ಗೇಜ್ ಸೆಮಿ ಆಟೋಮ್ಯಾಟಿಕ್ ಕೋವಿ ನೋಡಿದೆ. ಗೇಜ್ ಅಂದರೆ ನಳಿಗೆಯ ಅಳತೆ; ಸೆಮಿ ಆಟೋಮ್ಯಾಟಿಕ್ ಅಂದರೆ ಒಂದು ಈಡು ಹೊಡೆದ ಮೇಲೆ ಮುಂದಿನ ತೋಟೆ ತಾನಾಗಿ ಏರುತ್ತದೆ. 569 ಡಾಲರ್. ಯಜಮಾನರು ಮುಕ್ಕಾಲು ಗಂಟೆ ನನ್ನ ಜೊತೆ ನಿಂತು ಮಾತಾಡಿದರು. ಮನೆಗೆ ಬಂದು ಫೋನ್ ತೆಗೆದು ನೋಡಿದೆ, ಅದೇ ಕೋವಿ ಒಂದು ಆನ್‌ಲೈನ್ ಅಂಗಡಿಯಲ್ಲಿ 489. ಆರ್ಡರ್ ಮಾಡಿಬಿಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು, ಭಾರತದಲ್ಲಿ ಇರುವವರಿಗಂತೂ ಇದು ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಆನ್‌ಲೈನ್ ಅಂಗಡಿಯಿಂದ ಕೊಂಡ ಕೋವಿ ಮನೆ ಬಾಗಿಲಿಗೆ ಬರುವುದಿಲ್ಲ. ಸರ್ಕಾರದ ಲೈಸೆನ್ಸ್ ಇರುವ ಒಂದು ಸ್ಥಳೀಯ ಅಂಗಡಿಗೇ ಬರುತ್ತದೆ. ನಾವು ಅಲ್ಲಿಗೆ ಹೋಗಿ 4473 ಅನ್ನುವ ಫಾರಂ ತುಂಬಬೇಕು, ಅವರು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐಗೆ ನಮ್ಮ ಹೆಸರು ಕಳಿಸಿ ಚೆಕ್ ಮಾಡಿಸಬೇಕು, ಆಮೇಲೆ ಕೋವಿ ಕೈಗೆ. ಮೊದಲು ಹೀಗಿರಲಿಲ್ಲ. 1963ರಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಪತ್ರಿಕೆಯ ಜಾಹೀರಾತಿನ ಕೂಪನ್ ತುಂಬಿ, ಸುಳ್ಳು ಹೆಸರಲ್ಲಿ, ಷಿಕಾಗೋದ ಅಂಗಡಿಯಿಂದ ಅಂಚೆಯಲ್ಲೇ ರೈಫಲ್ ತರಿಸಿದ್ದ. 19 ಡಾಲರ್ 95 ಸೆಂಟ್, ಅಂಚೆ ಖರ್ಚು ಬೇರೆ. ಅದು ಬಂದದ್ದು ಇದೇ ಡಲ್ಲಾಸಿನ ಒಂದು ಅಂಚೆ ಪೆಟ್ಟಿಗೆಗೆ. ಅದೇ ರೈಫಲಿನಿಂದ ಅಧ್ಯಕ್ಷ ಕೆನಡಿಯವರ ಹತ್ಯೆ ಆಯಿತು. ಅಂಚೆಯಲ್ಲಿ ಕೋವಿ ತರಿಸುವುದಕ್ಕೆ ತಡೆ ಬಿದ್ದದ್ದು 1968ರ ಗನ್ ಕಂಟ್ರೋಲ್ ಕಾಯ್ದೆಯಿಂದ. ಊರಿಂದ ಬಂದ ನೆಂಟರನ್ನು ಆ ಹತ್ಯೆ ನಡೆದ ಡೀಲಿ ಪ್ಲಾಜಾಕ್ಕೆ ಕರೆದುಕೊಂಡು ಹೋದಾಗೆಲ್ಲ ನನಗೆ ಆ ಪುಟ್ಟ ಕೂಪನ್ ನೆನಪಾಗುತ್ತದೆ. ಹೆಸರು ಕೇಳುವವರಿಲ್ಲ, ಮುಖ ನೋಡುವವರಿಲ್ಲ, ದುಡ್ಡು ಕಳಿಸಿದರೆ ಸಾಕು.

ಹಾಗಾಗಿ ನಾನು ಆನ್‌ಲೈನಲ್ಲಿ ಕೊಂಡ ಕೋವಿ ಬಂದದ್ದು ಅದೇ ಮಾಸಿದ ಬೋರ್ಡಿನ ಅಂಗಡಿಗೆ! ಹೀಗೆ ಬೇರೆ ಕಡೆ ಕೊಂಡ ಕೋವಿಯನ್ನು ತರಿಸಿಕೊಂಡು, ಕಾಗದ ಮಾಡಿ ಕೈಗೆ ಕೊಡುವುದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ಹತ್ತಿರದಲ್ಲಿ ಅದನ್ನು ಮಾಡಿಕೊಡುವವರು ಅವರೇ. ಒಳಗೆ ಹೋಗಲು ನನಗೆ ನಿಜವಾಗಿ ನಾಚಿಕೆ ಆಯಿತು. ಯಜಮಾನರು ಒಂದು ಮಾತೂ ಆಡಲಿಲ್ಲ. ಟ್ರಾನ್ಸ್‌ಫರ್ ಫೀ 35 ಡಾಲರ್ ಅಂದರು. ಲೆಕ್ಕ ಹಾಕಿ ನೋಡಿ, ಬೆಲೆಯಲ್ಲಿ ಉಳಿದದ್ದು 80. ಅದರಲ್ಲಿ ಸಾಗಣೆಗೆ 20, ಫೀ 35. ಇಲ್ಲಿನ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ಆನ್‌ಲೈನ್ ಅಂಗಡಿಗಳೂ ಸೇಲ್ಸ್ ಟ್ಯಾಕ್ಸ್ ಹಾಕುತ್ತವೆ, ನಮ್ಮಲ್ಲಿ ನೂರಕ್ಕೆ ಎಂಟೂಕಾಲು, ಅದರಲ್ಲಿ ಉಳಿದದ್ದು ಐದು ಡಾಲರ್ ಅಷ್ಟೇ. ಕೊನೆಗೆ ಕೈಯಲ್ಲಿ ಉಳಿದದ್ದು 30 ಡಾಲರ್.

ಯಜಮಾನರು ಡಬ್ಬ ತೆಗೆದು ಕೌಂಟರ್ ಮೇಲೆ ಇಟ್ಟು, "ಸಹಿ ಮಾಡುವ ಮೊದಲು ಚೆನ್ನಾಗಿ ನೋಡು, ಬೇಕಾದಷ್ಟು ಹೊತ್ತು ತಗೋ" ಅಂದರು. ಮುಜುಗರದಲ್ಲಿ ಇದ್ದೆನಲ್ಲ, ಬೇಗ ಹೊರಗೆ ಹೋದರೆ ಸಾಕಾಗಿತ್ತು. ಮೇಲೆ ಮೇಲೆ ನೋಡಿ ಸಹಿ ಹಾಕಿದೆ. ಶನಿವಾರ ಶೂಟಿಂಗ್‌ಗೆ ಹೋದರೆ ಮೂರು ತೋಟೆಗೆ ಒಂದು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಹೆಗಲಿಗೆ ಆನಿಸುವ ಮರದಲ್ಲಿ, ಇಲ್ಲಿ ಅದಕ್ಕೆ ಸ್ಟಾಕ್ ಅನ್ನುತ್ತಾರೆ, ಕೂದಲೆಳೆಯಂಥ ಬಿರುಕು. ಆನ್‌ಲೈನ್ ಅಂಗಡಿಗೆ ಫೋನ್ ಮಾಡಿದೆ. ಸಹಿ ಹಾಕಿದ ಕ್ಷಣದಿಂದ ಅದು ಹಳೆಯ ಕೋವಿ, ವಾಪಸ್ ತೆಗೆದುಕೊಳ್ಳುವುದಿಲ್ಲ, ತಯಾರಕರನ್ನು ಕೇಳಿ ಅಂದರು. ಅವರ ನಿಯಮದಲ್ಲಿ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ.

ಮತ್ತೆ ಅದೇ ಅಂಗಡಿಗೆ ಹೋದೆ. ಬೇರೆ ಯಾರಾದರೂ ಆಗಿದ್ದರೆ, ಕೊಂಡಲ್ಲೇ ಹೋಗಿ ಕೇಳು ಅನ್ನಬಹುದಿತ್ತು, ಹಾಗೆ ಅಂದಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ. ಅವರು ಕೋವಿ ಬಿಚ್ಚಿ ನೋಡಿ, ಕಂಪನಿಗೆ ತಾವೇ ಫೋನ್ ಮಾಡಿ, ತಾವೇ ಪ್ಯಾಕ್ ಮಾಡಿ ಕಳಿಸಿದರು. ಕಳಿಸುವ ಖರ್ಚು ಮಾತ್ರ ತೆಗೆದುಕೊಂಡರು. ಏಳು ವಾರ ಆಯಿತು. ವಾಪಸ್ ಬಂದ ದಿನ, ಕೋವಿಯನ್ನು ಹೆಗಲಿಗೆ ಇಟ್ಟು ನಿಲ್ಲು ಅಂದರು. ನಾನು ಅಷ್ಟು ಎತ್ತರದವನಲ್ಲ, ಕಂಪನಿಯಿಂದ ಬರುವ ಸ್ಟಾಕ್ ನನ್ನ ಕೈಗೆ ಉದ್ದ. ಅರ್ಧ ಇಂಚಿನಷ್ಟು ಕಮ್ಮಿ ಮಾಡಿಸಿದರು. ಆಮೇಲೆ ಎರಡೂ ಕಣ್ಣು ಬಿಟ್ಟುಕೊಂಡು, ಹೆಬ್ಬೆರಳು ಮುಂದೆ ಚಾಚಿ, ಗೋಡೆಯ ಗಡಿಯಾರಕ್ಕೆ ನೇರ ಹಿಡಿ ಅಂದರು. ಎಡಗಣ್ಣು ಮುಚ್ಚಿದರೆ ಬೆರಳು ಗಡಿಯಾರದಿಂದ ಪಕ್ಕಕ್ಕೆ ಹಾರಿತು. ನನ್ನದು ಬಲಗೈ, ಆದರೆ ಗುರಿ ಹಿಡಿಯುವುದು ಎಡಗಣ್ಣು! 40 ದಾಟಿದ ಮೇಲೆ ನನಗೆ ಇದು ಗೊತ್ತಾಯಿತು. ಬಲಗಣ್ಣೇ ಗುರಿ ಹಿಡಿಯಲಿ ಅಂತ ಕನ್ನಡಕದ ಎಡಗಾಜಿನ ಮೇಲೆ ಒಂದು ಚೂರು ಟೇಪ್ ಅಂಟಿಸಿ ಕಳಿಸಿದರು. ಆ ವಾರ 25ರಲ್ಲಿ 15 ಒಡೆದವು. ಈ ಟೇಪಿನ ವಿಷಯ ಯಾವ ವೆಬ್‌ಸೈಟಿನಲ್ಲೂ ಇರುತ್ತದೆ ಅನ್ನಬಹುದು. ಇರುತ್ತದೆ, ಆದರೆ ನನ್ನ ಕಣ್ಣು ನೋಡಿ ಹೇಳುವವರು ಬೇಕಲ್ಲ.

ಆದರೆ ನಾನು ಆ ಅಂಗಡಿಗೆ ಅಂಟಿಕೊಂಡಿರುವುದು ಇದಕ್ಕೂ ಅಲ್ಲ. ಹೋದ ವರ್ಷ ತೋಟೆ ಕೊಳ್ಳಲು ಹೋಗಿದ್ದೆ. ನನಗಿಂತ ಮುಂದೆ ಒಬ್ಬರು ಎರಡು ಉದ್ದನೆಯ ಚೀಲ ಹಿಡಿದು ನಿಂತಿದ್ದರು. ಮೆತ್ತಗೆ ಏನೋ ಹೇಳಿದರು. ಯಜಮಾನರು ತಲೆಯಾಡಿಸಿ, ಚೀಲ ತೆಗೆದುಕೊಂಡು, ಪುಸ್ತಕದಲ್ಲಿ ಬರೆದು, ರಸೀದಿ ಕೊಟ್ಟರು. ದುಡ್ಡು ಕೇಳಲಿಲ್ಲ. ಕೌಂಟರ್ ದಾಟಿ ಹೊರಗೆ ಬಂದು ಅವರ ಭುಜ ಹಿಡಿದು ಬಾಗಿಲವರೆಗೂ ಹೋದರು. ಯಾರು, ಏನು ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ಮಾತ್ರ ಹೇಳಿದರು, "ಮನಸ್ಸು ಸರಿ ಇಲ್ಲದಾಗ ಕೋವಿ ಮನೇಲಿ ಇರಬಾರದು. ಸರಿ ಆದಮೇಲೆ ಬರಲಿ, ಕೊಡ್ತೀನಿ."

ಅಮೆರಿಕದಲ್ಲಿ ಗುಂಡಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕೊಲೆ ಅಲ್ಲ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ವಾರದೊಳಗೆ ಮೂವರು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರು, ಒಂದೇ ಅಂಗಡಿಯಲ್ಲಿ ಕೋವಿ ಕೊಂಡು, ಕೆಲವೇ ಗಂಟೆಗಳಲ್ಲಿ ಜೀವ ಕಳೆದುಕೊಂಡರು. ಆ ಅಂಗಡಿಯ ಮಾಲೀಕರು ಅದನ್ನು ಅಲ್ಲಿಗೇ ಬಿಡಲಿಲ್ಲ. ಸಾರ್ವಜನಿಕ ಆರೋಗ್ಯದವರ ಜೊತೆ, ಬೇರೆ ಅಂಗಡಿಯವರ ಜೊತೆ ಕೂತು ಒಂದು ಕೆಲಸ ಶುರು ಮಾಡಿದರು, ಗನ್ ಶಾಪ್ ಪ್ರಾಜೆಕ್ಟ್ ಅಂತ ಹೆಸರು. ಕೊಳ್ಳಲು ಬಂದವರಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮಾರಬಾರದು, ಕಷ್ಟದಲ್ಲಿ ಇರುವವರ ಕೋವಿಯನ್ನು ಸ್ವಲ್ಪ ದಿನ ದೂರ ಇಡುವುದು ಹೇಗೆ. ಅದು ಆಮೇಲೆ ಬೇರೆ ಬೇರೆ ರಾಜ್ಯಗಳಿಗೂ ಹಬ್ಬಿತು.

ಇದನ್ನು ಓದಿದಾಗ ನಮ್ಮೂರಿನ ಚುನಾವಣೆ ನೆನಪಾಯಿತು. ಚುನಾವಣೆ ಘೋಷಣೆ ಆದ ಕೂಡಲೇ ಮಲೆನಾಡು, ಕರಾವಳಿಯ ರೈತರು ಕೋವಿಯನ್ನು ಠಾಣೆಗೆ ಇಲ್ಲವೇ ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಬೇಕಲ್ಲ. ಅಜ್ಜ ಪ್ರತಿ ಸಲ ಬೈದುಕೊಂಡೇ ಹೋಗುತ್ತಿದ್ದರು, ಅದೇ ಸಮಯಕ್ಕೆ ಹಂದಿ ತೋಟಕ್ಕೆ ನುಗ್ಗುತ್ತಿತ್ತು. ಆದರೂ ಅಂಗಡಿಯಲ್ಲಿ ಇಟ್ಟರೆ ಎಣ್ಣೆ ಹಾಕಿ ಇಟ್ಟಿರುತ್ತಾರೆ ಅಂತ ಅಲ್ಲಿಗೇ ಕೊಡುತ್ತಿದ್ದರು. ಕೋವಿಯನ್ನು ನಂಬಿ ಒಪ್ಪಿಸಲು ಊರಲ್ಲಿ ಒಬ್ಬರು ಇರಬೇಕು. ಆ ಚೀಲ ಹಿಡಿದು ಬಂದವರು ಅಂದು ಯಾವ ವೆಬ್‌ಸೈಟಿಗೆ ಹೋಗಬೇಕಿತ್ತು?

ಇನ್ನೊಂದು ವಿಷಯವೂ ಇದೆ. ಎಫ್‌ಬಿಐ ಚೆಕ್‌ಗೆ ಮೂರು ಬಗೆಯ ಉತ್ತರ ಬರುತ್ತದೆ, ಕೊಡಿ, ತಡೆಯಿರಿ, ಕೊಡಬೇಡಿ. ನನ್ನದು ಮೊದಲ ಸಲ ತಡೆಯಿರಿ ಅಂತ ಬಂತು. ಮೂರು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಅಂಗಡಿಯವರು ಕೋವಿ ಕೊಡಬಹುದು ಅಂತ ಕಾನೂನು ಹೇಳುತ್ತದೆ. ಕೊಡಲೇಬೇಕು ಅಂತಿಲ್ಲ. ಇವರು ಉತ್ತರ ಬರುವವರೆಗೂ ಕೊಡುವುದಿಲ್ಲ. ನನಗೂ ಕೊಡಲಿಲ್ಲ, ಐದನೇ ದಿನ ಉತ್ತರ ಬಂದ ಮೇಲೆ ಫೋನ್ ಮಾಡಿ ಕರೆದರು. ಆಗ ಸ್ವಲ್ಪ ಸಿಟ್ಟು ಬಂದಿತ್ತು. ಈಗ ಅದೇ ಕಾರಣಕ್ಕೆ ಗೌರವ ಜಾಸ್ತಿ.

ಊರಿನ ಅಂಗಡಿ ಎಲ್ಲವೂ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಇದಕ್ಕೂ ಮೊದಲು ಇನ್ನೊಂದು ಅಂಗಡಿಗೆ ಹೋಗಿದ್ದೆ. 20 ನಿಮಿಷ ಕೌಂಟರ್ ಮುಂದೆ ನಿಂತರೂ ಯಾರೂ ಮಾತಾಡಿಸಲಿಲ್ಲ. ನನ್ನ ನಂತರ ಬಂದ ಇಬ್ಬರಿಗೆ ಕೋವಿ ತೆಗೆದು ತೋರಿಸಿದರು. ಕಾರಣ ಏನು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅಂಥ ಅಂಗಡಿಗೆ ಹತ್ತಿರದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಾಗೆಯೇ ಬೆಲೆಯಲ್ಲಿ 200, 300 ಡಾಲರ್ ಫರಕಿದ್ದರೆ, ಸಂಸಾರ ಇರುವವರು ಆನ್‌ಲೈನ್‌ಗೆ ಹೋಗುವುದು ತಪ್ಪಲ್ಲ. ಆಗಲೂ ಮೊದಲು ಅಂಗಡಿಯಲ್ಲಿ ಕೇಳಿ, ಇಷ್ಟಕ್ಕೆ ತರಿಸಿಕೊಡಲು ಆಗುತ್ತದಾ ಅಂತ. ನಾನು ಎರಡನೆಯ ಕೋವಿಗೆ ಹಾಗೇ ಕೇಳಿದೆ. ಆನ್‌ಲೈನ್ ಬೆಲೆಗಿಂತ 15 ಡಾಲರ್ ಜಾಸ್ತಿಗೆ ತರಿಸಿಕೊಟ್ಟರು, ಟ್ರಾನ್ಸ್‌ಫರ್ ಫೀ ಇಲ್ಲ. ಕೇಳಲು ಸಂಕೋಚ ಬೇಡ. ಆದರೆ ಒಂದು ಮಾತ್ರ ಮಾಡಬೇಡಿ. ಅಂಗಡಿಯಲ್ಲಿ ಒಂದು ಗಂಟೆ ಅವರ ಸಮಯ ತೆಗೆದುಕೊಂಡು, ಕೋವಿ ಕೈಯಲ್ಲಿ ಹಿಡಿದು ನೋಡಿ, ಮನೆಗೆ ಬಂದು ಬೇರೆಲ್ಲೋ ಆರ್ಡರ್ ಮಾಡಬೇಡಿ. ನಾನು ಮಾಡಿದ್ದು ಅದನ್ನೇ, ಈಗಲೂ ನೆನೆದರೆ ಬೇಸರ ಆಗುತ್ತದೆ.

ತೋಟೆಯ ವಿಷಯ ಬೇರೆ. ಟೆಕ್ಸಾಸ್‌ನಲ್ಲಿ ಅದು ನೇರ ಮನೆಗೇ ಬರುತ್ತದೆ, ದೊಡ್ಡ ಪೆಟ್ಟಿಗೆ ತರಿಸಿದರೆ ಅಗ್ಗವೂ ಹೌದು. ಆದರೆ 2020ರಲ್ಲಿ ಏನಾಯಿತು ಅಂತ ಇಲ್ಲಿರುವವರಿಗೆ ನೆನಪಿರಬೇಕು. ಆ ವರ್ಷ ಎಫ್‌ಬಿಐ ಚೆಕ್‌ಗಳೇ 3 ಕೋಟಿ 90 ಲಕ್ಷ ದಾಟಿದವು. ಆನ್‌ಲೈನಿನಲ್ಲಿ ತೋಟೆ ಖಾಲಿ, ಸಿಕ್ಕರೂ ಬೆಲೆ ಎರಡು ಪಟ್ಟು, ಮೂರು ಪಟ್ಟು. ನಾನಾಗ ಇನ್ನೂ ಈ ಅಂಗಡಿಗೆ ಬರುತ್ತಿರಲಿಲ್ಲ, ಸಹೋದ್ಯೋಗಿ ಹೇಳಿದ್ದು. ಯಜಮಾನರು ಒಬ್ಬರಿಗೆ ಒಂದೇ ಡಬ್ಬ ಅಂತ ಚೀಟಿ ಅಂಟಿಸಿ, ಬೆಲೆಯನ್ನು ಅಷ್ಟಾಗಿ ಏರಿಸದೆ, ಬಂದವರಿಗೆಲ್ಲ ಹಂಚಿ ಕೊಟ್ಟರಂತೆ.

ಸೆಪ್ಟೆಂಬರ್ 1ಕ್ಕೆ ಇಲ್ಲಿ ಡವ್ ಹಕ್ಕಿಯ ಬೇಟೆ ಶುರುವಾಗುತ್ತದೆ. ನಾನು ಇದುವರೆಗೂ ಬಿಲ್ಲೆ ಬಿಟ್ಟು ಬೇರೇನೂ ಹೊಡೆದಿಲ್ಲ, ಈ ಸಲವೂ ಹೋಗುತ್ತೇನೋ ಇಲ್ಲವೋ ನಿರ್ಧಾರ ಆಗಿಲ್ಲ. ಆದರೆ ಆ ವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೇ ನಿನ್ನೆಯೇ ಫೋನ್ ಮಾಡಿ 20 ಗೇಜಿನ ನಾಲ್ಕು ಡಬ್ಬ ತೆಗೆದಿಡಲು ಹೇಳಿದ್ದೇನೆ. ಯಜಮಾನರ ಮಗಳು ಫೋನ್ ಎತ್ತಿದರು. ಹೆಸರು ಹೇಳುವ ಮೊದಲೇ, "ಎಡಗಣ್ಣಿನವರಾ?" ಅಂದರು.