ಕ್ರಾಕ್ ತಟ್ಟೆ: ಅಂಚು ಮುಗಿಯಿತು, ಜಿಂಕೆ ಬಾಕಿ

ನಾನು ಮಾಡುತ್ತಿರುವ ಪಿಂಗಾಣಿ ತಟ್ಟೆಯ ಅಂಚಿನ ಚಿತ್ರಣ ಈ ವಾರ ಮುಗಿಯಿತು. ಚೀನಾದ ಮಿಂಗ್ ವಂಶದ ವಾನ್ಲಿ ಯುಗದಲ್ಲಿ (1573–1620) ಜಿಂಗ್‌ಡೆಝೆನ್‌ನ ಆವಿಗೆಗಳಲ್ಲಿ ಬೆಂದು, ಪೋರ್ಚುಗೀಸರ ಮತ್ತು ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋದ ಕ್ರಾಕ್ ಪಿಂಗಾಣಿಯೇ ನನ್ನ ಮಾದರಿ. ಅದರಲ್ಲೂ ‘ವಿಟ್ಟೆ ಲೇಯು’ ಹಡಗಿನ ಸರಕು. 1613ರಲ್ಲಿ ಸೇಂಟ್ ಹೆಲೆನಾ ಬಳಿ ಪೋರ್ಚುಗೀಸರೊಡನೆ ಕಾದಾಡುತ್ತ ಮುಳುಗಿದ ಈ ಡಚ್ ಹಡಗನ್ನು 1976ರಲ್ಲಿ ಶೋಧಿಸಲಾಯಿತು. ಮುಳುಗಿದ ವರ್ಷ ಖಚಿತವಿರುವುದರಿಂದ ಅದರ ಒಡಕು ಚೂರುಗಳನ್ನೂ ನಾನು ಇಡೀ ತಟ್ಟೆಗಳಷ್ಟೇ ನಂಬುತ್ತೇನೆ.

ಕ್ರಾಕ್ ತಟ್ಟೆಯ ಅಂಚಿನಲ್ಲಿ ಅಗಲವಾದೊಂದು ಅಂಕಣ, ಪಕ್ಕದಲ್ಲಿ ಕಿರಿದಾದೊಂದು, ಹೀಗೆ ಸುತ್ತಲೂ. ಅಗಲದ್ದರಲ್ಲಿ ಪೀಚ್ ಹಣ್ಣು, ಹೂವು, ರಿಬ್ಬನ್ ಸುತ್ತಿದ ಮಂಗಳ ಚಿಹ್ನೆಗಳು. ಕಿರಿದರಲ್ಲಿ ಗಂಟು, ಕುಚ್ಚು. ಬಣ್ಣ ಹಾಕುವುದು ಸುಡದ ಒಣ ಮಣ್ಣಿನ ಮೇಲೆ. ಸುಣ್ಣದ ಗೋಡೆಯಂತೆ ಅದು ಕುಂಚದ ನೀರನ್ನು ತಟ್ಟನೆ ಹೀರುತ್ತದೆ. ಕೈ ಒಂದು ಕ್ಷಣ ತಡೆದರೂ ಅಲ್ಲೊಂದು ಚುಕ್ಕೆ ಊರುತ್ತದೆ. ಮೊದಲು ಗಾಢ ಗೆರೆ, ಆಮೇಲೆ ಒಳಗೆ ತೆಳುವಾದ ಕೋಬಾಲ್ಟ್ ಬಣ್ಣ. ಈಗ ಎಲ್ಲವೂ ಮಂಕಾದ ಕಪ್ಪು. ನೀಲಿ ಕಾಣುವುದು ಗಾಜಿನಂಥ ಮೆರುಗು (ಗ್ಲೇಜ್) ಹಚ್ಚಿ, ಆಮ್ಲಜನಕ ಕಡಿಮೆ ಮಾಡಿದ ಆವಿಗೆಯಲ್ಲಿ 1300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸುಟ್ಟ ಮೇಲೆಯೇ.

ಅಂಕಣಗಳನ್ನು ಬಿಡಿಸುತ್ತ ಹೋದಂತೆ ನನಗೆ ಮನದಟ್ಟಾದದ್ದು, ಈ ವಿನ್ಯಾಸವೇ ವೇಗಕ್ಕಾಗಿ ಹುಟ್ಟಿದ್ದು ಎಂಬುದು. ಒಂದೇ ಗಂಟನ್ನು ಮತ್ತೆ ಮತ್ತೆ ಬರೆಯುವ ಕೈಗೆ ಯೋಚಿಸುವ ಅಗತ್ಯವಿಲ್ಲ. ಸುಮಾರು ಒಂದು ಶತಮಾನದ ಬಳಿಕ, 1712ರಲ್ಲಿ, ಜಿಂಗ್‌ಡೆಝೆನ್‌ನ ಪಿಂಗಾಣಿ ಕೆಲಸದ ಬಗ್ಗೆ ಪತ್ರ ಬರೆದ ಫ್ರೆಂಚ್ ಜೆಸ್ವಿಟ್ ಪಾದ್ರಿ ದಾಂತ್ರಕೋಲ್, ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುವ ಪದ್ಧತಿಯನ್ನು ವಿವರಿಸಿದ್ದಾನೆ. ರಫ್ತಿನ ಸರಕೆಂದು ಇವನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳುಕಿಲ್ಲದ ಆ ಗೆರೆಯ ಜೀವಂತಿಕೆ ಅರಮನೆಗೆಂದು ಮಾಡಿದ ಎಷ್ಟೋ ಅಚ್ಚುಕಟ್ಟಾದ ಪಾತ್ರೆಗಳಲ್ಲಿ ಇಲ್ಲ.

ಹಳೆಯ ತಟ್ಟೆಗಳ ಅಂಚಿನಲ್ಲಿ ಮೆರುಗು ಸಣ್ಣ ಸಣ್ಣದಾಗಿ ಚಕ್ಕೆಯೆದ್ದಿರುತ್ತದೆ, ತಟ್ಟೆ ನಿಲ್ಲುವ ತಳದ ಬಳೆಗೆ ಆವಿಗೆಯ ಮರಳು ಅಂಟಿರುತ್ತದೆ. ಇವೆರಡನ್ನೂ ನಾನು ಅನುಕರಿಸುವುದಿಲ್ಲ. ನನ್ನ ತಟ್ಟೆಯನ್ನು ಯಾರೂ ಹಳೆಯದೆಂದು ಮಾರಬಾರದು. ತಳದಲ್ಲಿ ಕನ್ನಡ ಅಂಕಿಯಲ್ಲೇ ಇಸವಿ ಬರೆದಿದ್ದೇನೆ.

ಇನ್ನು ನಡುವಿನ ಬಂಡೆ, ಪೈನ್ ಮರ, ಜಿಂಕೆ. ಅದು ಒಣಗಿದ ಮೇಲೆ ಹಿಂಬದಿ: ಅಲ್ಲಿ ಮೂಲದ ಕುಶಲಕರ್ಮಿಗಳು ಅವಸರದಲ್ಲಿ ಎಳೆದ ಗೆರೆ, ವೃತ್ತಗಳನ್ನು ಅದೇ ಅವಸರದಲ್ಲಿ ಎಳೆಯುವ ಉದ್ದೇಶವಿದೆ.