ಧಾರ್ಮಿಕ ಶಿಕ್ಷಣದಲ್ಲಿ ಮಕ್ಕಳ ಪ್ರಗತಿಯನ್ನು ಗುರುತಿಸುವುದು ಹೇಗೆ?

ಇಂಗ್ಲೆಂಡಿನ ಸರ್ಕಾರಿ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಧಾರ್ಮಿಕ ಶಿಕ್ಷಣವನ್ನು ಬೋಧಿಸುವುದು ಕಡ್ಡಾಯವಾದರೂ ಅದು ರಾಷ್ಟ್ರೀಯ ಪಠ್ಯಕ್ರಮದಲ್ಲಿ ಸೇರಿಲ್ಲ. ಗಣಿತಕ್ಕೆ ಇರುವಂತಹ ರಾಷ್ಟ್ರಮಟ್ಟದ ಪರೀಕ್ಷೆಯೂ ಇದಕ್ಕಿಲ್ಲದ ಕಾರಣ ಮೌಲ್ಯಮಾಪನದ ಹೊಣೆ ಬಹುಮಟ್ಟಿಗೆ ಶಿಕ್ಷಕರ ಮೇಲೆಯೇ ಬೀಳುತ್ತದೆ. ಮಗುವಿನ ಭಕ್ತಿಯನ್ನಾಗಲಿ ನಂಬಿಕೆಯನ್ನಾಗಲಿ ಅಳೆಯುವ ಹಕ್ಕು ನಮಗಿಲ್ಲ ಎಂಬುದು ನನ್ನ ದೃಢವಾದ ನಿಲುವು. ನೋಡಬೇಕಾದದ್ದು ತಿಳಿವಳಿಕೆಯನ್ನು.

"ಗುರುದ್ವಾರದ ಲಂಗರಿನಲ್ಲಿ (ಸಿಖ್ಖರ ಪ್ರಾರ್ಥನಾ ಮಂದಿರದ ಸಾಮೂಹಿಕ ಭೋಜನಶಾಲೆಯಲ್ಲಿ) ಎಲ್ಲರಿಗೂ ಊಟ ಬಡಿಸುತ್ತಾರೆ" ಎಂದು ಬರೆದ ಮಗುವಿಗೆ ಮಾಹಿತಿ ಗೊತ್ತಿದೆ. "ಎಲ್ಲರೂ ಸಮಾನರು ಎಂದು ಸಿಖ್ಖರು ನಂಬುವುದರಿಂದ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ" ಎಂದು ಸೇರಿಸಿದ ಮಗು ಆಚರಣೆಯನ್ನು ಅದರ ಹಿಂದಿನ ನಂಬಿಕೆಯೊಂದಿಗೆ ಜೋಡಿಸಿದೆ. ಅಂದವಾದ ಅಕ್ಷರದಿಂದಲೋ ಬಣ್ಣ ತುಂಬಿದ ಚಿತ್ರದಿಂದಲೋ ಈ ವ್ಯತ್ಯಾಸ ತಿಳಿಯದು. ಬರವಣಿಗೆಯಲ್ಲಿ ಹಿಂದುಳಿದ ಮಕ್ಕಳು ಇದನ್ನೇ ಮಾತಿನಲ್ಲಿ ಸೊಗಸಾಗಿ ವಿವರಿಸುವುದುಂಟು. ಆ ಮಾತನ್ನು ಆಗಲೇ ಬರೆದಿಟ್ಟುಕೊಳ್ಳದಿದ್ದರೆ ವರ್ಷಾಂತ್ಯದ ವರದಿಯಲ್ಲಿ ಅವರಿಗೆ ಅನ್ಯಾಯವಾಗುತ್ತದೆ.